ನೆರೂಳಿಗೂ ಜುಯಿನಗರಕ್ಕೂ ನಡುವೆ

ನವಿ ಮುಂಬಯಿಯ ನೆರೂಳಿನ ಸಿಗ್ನಲ್ ನನಗೆ ಚೆನ್ನಾಗಿ ನೆನಪಿದೆ. ಕೆಂಪು ದೀಪದ ಪಕ್ಕದಲ್ಲಿ ಸೆಕೆಂಡುಗಳು ಒಂದೊಂದಾಗಿ ಇಳಿಯುತ್ತಿದ್ದವು. ನನ್ನ ಸ್ಕೂಟರಿನ ಮುಂದೆ ನಿಂತಿದ್ದ ಟೆಂಪೋದಲ್ಲಿ ಹೂಕೋಸಿನ ಮೂಟೆಗಳಿದ್ದವು. ಹೊಟ್ಟೆಯ ಅಡಿಯಿಂದ ಏನೋ ಎದೆಗೇರಿದಂತಾಯಿತು, ಲಿಫ್ಟ್ ಒಮ್ಮೆಲೇ ಕೆಳಗಿಳಿದಾಗ ಆಗುತ್ತದಲ್ಲ, ಹಾಗೆ. ಹಾಲು ಸೀದ ವಾಸನೆ ಬಂತು. ಅಷ್ಟೇ.

ಆಮೇಲೆ ನೆನಪಿರುವುದು ಜುಯಿನಗರದ ಸರ್ವಿಸ್ ರಸ್ತೆ. ಬಾಗಿಲು ಮುಚ್ಚಿದ ಅಂಗಡಿಯೊಂದರ ಶಟರಿನ ಮುಂದೆ ನಿಂತಿದ್ದೆ. ಹೆಲ್ಮೆಟ್ ಕೈಯಲ್ಲಿತ್ತು. ಸ್ಕೂಟರ್ ಪಕ್ಕದಲ್ಲೇ ನಿಂತಿತ್ತು, ಎಂಜಿನ್ ಆಫ್ ಆಗಿತ್ತು. ಅದರ ಎಡಗಡೆಯ ಕನ್ನಡಿ ಒಡೆದು ಹಿಂದಕ್ಕೆ ತಿರುಗಿಕೊಂಡಿತ್ತು. ನನ್ನ ಎಡ ಮೊಣಕೈ ಉರಿಯುತ್ತಿತ್ತು. ಜನ ತಮ್ಮ ಪಾಡಿಗೆ ತಾವು ಸ್ಟೇಷನ್ನಿನ ಕಡೆ ನಡೆಯುತ್ತಿದ್ದರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನಾನು ಎಲ್ಲಿದ್ದೇನೆ ಎಂದು ತಿಳಿಯಲು ಎದುರಿನ ಮೆಡಿಕಲ್ ಸ್ಟೋರಿನ ಬೋರ್ಡನ್ನು ಎರಡು ಸಲ ಓದಬೇಕಾಯಿತು.

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಹೆಲ್ಮೆಟ್ ಹಾಕಿಕೊಂಡೆ, ಸ್ಕೂಟರ್ ಚಾಲೂ ಮಾಡಿದೆ, ಕೋಪರಖೈರಣೆಯ ಮನೆಗೆ ಓಡಿಸಿಕೊಂಡು ಹೋದೆ.

ನನ್ನ ಗಂಡ ರಾಘವ ಅಲ್ಲೇ ಹತ್ತಿರದ ಸಸ್ಯಾಹಾರಿ ಹೋಟೆಲೊಂದನ್ನು ನೋಡಿಕೊಳ್ಳುತ್ತಾರೆ. ಸಂಜೆಯ ಗಿರಾಕಿಗಳು ಬರುವ ಮೊದಲು ಮನೆಗೆ ಬಂದು ಸ್ನಾನ ಮಾಡಿ ಹೋಗುವುದು ಅವರ ವಾಡಿಕೆ. ಬಿಲ್ಡಿಂಗಿನ ಕೆಳಗೆ ಕನ್ನಡಿಯನ್ನು ಅವರೇ ಮೊದಲು ನೋಡಿದರು.

"ಎಂತ ಆಯ್ತು? ಎಲ್ಲಿ ಬಿದ್ದದ್ದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಎಂತ ಮಾರಾಯ್ತಿ? ಬಿದ್ದದ್ದು ನೀನಲ್ವಾ?"

ನಾನು ಬಿದ್ದಿದ್ದೆನೋ, ಯಾರಿಗಾದರೂ ಹೊಡೆದಿದ್ದೆನೋ, ಯಾರಾದರೂ ನನಗೆ ಹೊಡೆದಿದ್ದರೋ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಗೋಡೆಗೆ ತಾಗಿತು" ಎಂದು ಸುಳ್ಳು ಹೇಳಿದೆ. ಅವರು ನಂಬಿದರು. ಮಗಳು ತನ್ವಿ ನಂಬಲಿಲ್ಲ.

ತನ್ವಿ ಕಾಲೇಜಿನಲ್ಲಿ ಓದುತ್ತಾಳೆ. ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಅವಳು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ಮಮ್ಮಿ, ತುಮ್ ಬೀಚ್ ಮೇಂ ರುಕ್ ಜಾತೀ ಹೋ" ಎಂದಳು. ಮಧ್ಯದಲ್ಲಿ ನಿಂತುಹೋಗುತ್ತೀ ಎಂದು. ಒಂದು ತಿಂಗಳಿಂದ ನೋಡುತ್ತಿದ್ದಳಂತೆ. ಚಪಾತಿ ಲಟ್ಟಿಸುವಾಗ ಕೈ ನಿಲ್ಲುತ್ತದಂತೆ, ಕಣ್ಣು ತೆರೆದೇ ಇರುತ್ತದಂತೆ, ಬಾಯಿ ಏನೋ ಜಗಿಯುವ ಹಾಗೆ ಆಡುತ್ತದಂತೆ. ಕರೆದರೆ ಓ ಅನ್ನುವುದಿಲ್ಲವಂತೆ. ಮತ್ತೆ ಏನೂ ಆಗದವಳ ಹಾಗೆ ಲಟ್ಟಿಸಲು ಶುರು ಮಾಡುತ್ತೇನಂತೆ.

"ನನಗೆ ಯಾಕೆ ಹೇಳಲಿಲ್ಲ?"

"ಬೋಲಾ ಥಾ. ತುಮ್ ಹಂಸೀ ಥೀ."

ಹೇಳಿದ್ದಳಂತೆ, ನಾನು ನಕ್ಕಿದ್ದೆನಂತೆ. ನಕ್ಕದ್ದೂ ನನಗೆ ನೆನಪಿರಲಿಲ್ಲ.

*

ನನ್ನ ಕೆಲಸದ ಬಗ್ಗೆ ಇಲ್ಲಿ ಹೇಳಲೇಬೇಕು, ಯಾಕೆಂದರೆ ನನ್ನ ಹೆದರಿಕೆ ಬೆಳೆದದ್ದು ಅಲ್ಲಿಯೇ. ಬೇಲಾಪುರದ ಒಂದು ಸಣ್ಣ ಖಾಸಗಿ ಕಚೇರಿಯಲ್ಲಿ ನಾನು ರಸ್ತೆ ಅಪಘಾತಗಳ ಪಟ್ಟಿ ಮಾಡುತ್ತೇನೆ. ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿ ಕಡೆಯ ಕಾಗದಗಳು ಪ್ರತಿ ತಿಂಗಳೂ ನಮ್ಮಲ್ಲಿಗೆ ಬರುತ್ತವೆ. ಒಂದು ಅಪಘಾತಕ್ಕೆ ಒಂದು ಸಾಲು. ಜಾಗ, ಹೊತ್ತು, ಯಾವ ಗಾಡಿ, ಯಾರಿಗೆ ಪೆಟ್ಟು, ಎಷ್ಟು ಪೆಟ್ಟು, ಕಾರಣ. ಎಲ್ಲ ತುಂಬಿಸಿದ ಮೇಲೆ ಕಂಪ್ಯೂಟರ್ ಒಂದು ಗೆರೆ ಎಳೆಯುತ್ತದೆ. ಹಿಂದಿನ ತಿಂಗಳಿಗಿಂತ ಮೇಲೆ ಹೋಯಿತೋ ಕೆಳಗೆ ಬಂತೋ ಎಂದು ನಮ್ಮ ಮುಖ್ಯಸ್ಥರಾದ ಕುಲಕರ್ಣಿ ಸಾಹೇಬರು ಮೊದಲು ಅದನ್ನೇ ನೋಡುತ್ತಾರೆ.

ಆ ಕೆಲಸದಲ್ಲಿ ನನಗೆ ವರ್ಷಗಳ ರೂಢಿ. ಕಾರಣದ ಕಾಲಮ್ಮಿನಲ್ಲಿ ಅತಿವೇಗ, ವಿರುದ್ಧ ದಿಕ್ಕು, ಹೊಂಡ ಎಂದು ಚಹಾ ಕುಡಿಯುತ್ತಾ ಬರೆಯುತ್ತಿದ್ದೆ. ಕೆಲವು ಸಾಲುಗಳಲ್ಲಿ 'ಚಾಲಕರ ನಿಯಂತ್ರಣ ತಪ್ಪಿತು' ಎಂದಷ್ಟೇ ಇರುತ್ತಿತ್ತು. ಯಾಕೆ ತಪ್ಪಿತು ಎಂದು ನಾನು ಯಾವತ್ತೂ ಯೋಚಿಸಿದವಳಲ್ಲ.

*

ವಾಶಿಯಲ್ಲಿ ಒಬ್ಬರು ಡಾಕ್ಟರು ನೋಡಿ ಥಾಣೆಯ ನರರೋಗ ತಜ್ಞೆಯ ಹತ್ತಿರ ಕಳಿಸಿದರು. ಆ ಕ್ಲಿನಿಕ್ಕಿನ ಕಾಯುವ ಕೋಣೆ ಉದ್ದಕ್ಕೆ, ರೈಲಿನ ಡಬ್ಬಿಯ ಹಾಗಿತ್ತು. ನನ್ನ ಎದುರು ಒಬ್ಬ ಅಜ್ಜ ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ರಾಘವ ಪ್ರತಿ ಐದು ನಿಮಿಷಕ್ಕೊಮ್ಮೆ ಎದ್ದು ಫ್ಯಾನಿನ ರೆಗ್ಯುಲೇಟರ್ ನೋಡಿ ಬರುತ್ತಿದ್ದರು. ಅವರು ಹೆದರಿದಾಗ ಮಾಡುವುದೇ ಹಾಗೆ, ಯಾವುದಾದರೂ ಸ್ವಿಚ್ಚಿನ ಹತ್ತಿರ ಹೋಗಿ ನಿಲ್ಲುತ್ತಾರೆ.

ತಲೆಯ ತುಂಬ ಅಂಟು ಹಚ್ಚಿ ವೈರುಗಳನ್ನು ಅಂಟಿಸಿದರು. ಕಣ್ಣು ಮುಚ್ಚಿ ಎಂದರು, ತೆರೆಯಿರಿ ಎಂದರು, ಜೋರಾಗಿ ಉಸಿರಾಡಿ ಎಂದರು. ಎಂಆರ್‌ಐ ಯಂತ್ರದೊಳಗೆ ಮಲಗಿದಾಗ ಒಂದೇ ಯೋಚನೆ: ಈಗ ಹಾಲು ಸೀದ ವಾಸನೆ ಬಂದರೆ? ಬರಲಿಲ್ಲ. ಬರಬಹುದು ಎಂಬ ಭಯದಲ್ಲೇ ಮೈಯೆಲ್ಲ ಬೆವರಿ ಬಟ್ಟೆ ಒದ್ದೆಯಾಗಿತ್ತು.

ಡಾಕ್ಟರಮ್ಮ ವರದಿ ನೋಡಿ ಮೊದಲು ಕೇಳಿದ್ದು ರೋಗದ ಬಗ್ಗೆ ಅಲ್ಲ. "ಆಪ್ ಗಾಡೀ ಚಲಾತೀ ಹೈಂ?"

"ಹೌದು, ಸ್ಕೂಟರ್."

"ಇವತ್ತಿನಿಂದ ಬೇಡ."

ಆಮೇಲೆ ಹೆಸರು ಹೇಳಿದರು. ಎಪಿಲೆಪ್ಸಿ. ನೆಲಕ್ಕೆ ಬಿದ್ದು ಕೈಕಾಲು ಒದರುವುದೊಂದೇ ಅಲ್ಲ, ಹೀಗೆ ನಿಂತಲ್ಲೇ ಕಳೆದುಹೋಗುವುದೂ ಅದೇ ಎಂದರು. ಮಾತ್ರೆ ತಪ್ಪಿಸಬಾರದು, ನಿದ್ದೆ ಕೆಡಬಾರದು ಎಂದರು. ನನಗೆ ಅರ್ಧ ಕೇಳಿಸಲಿಲ್ಲ. ನೆರೂಳಿಗೂ ಜುಯಿನಗರಕ್ಕೂ ನಡುವೆ ಎಷ್ಟು ತಿರುವುಗಳಿವೆ, ಎಷ್ಟು ಜನ ರಸ್ತೆ ದಾಟುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ.

ಮನೆಯಲ್ಲಿ ಅತ್ತೆಗೆ ವಿಷಯ ಹೇಳಿದಾಗ ಅವರು ಕಿಟಕಿ ಮುಚ್ಚಿ ಬಂದರು. "ಅಪಸ್ಮಾರ ಅಂತ ಹೊರಗೆ ಯಾರತ್ರವೂ ಹೇಳ್ಬೇಡಿ. ತಲೆಸುತ್ತು ಅಂದ್ರೆ ಸಾಕು. ನಾಳೆ ಹುಡುಗಿಗೆ ಸಂಬಂಧ ನೋಡ್ಲಿಕ್ಕಿಲ್ವಾ?"

ರಾಘವ ಮೊಳೆಗೆ ನೇತುಹಾಕಿದ್ದ ಸ್ಕೂಟರಿನ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು ಹೋಟೆಲಿಗೆ ಹೋದರು.

ಅಂದಿನಿಂದ ಮನೆ ಬೇರೆಯೇ ಆಯಿತು. ಬಚ್ಚಲಿನ ಚಿಲಕ ಹಾಕುವಂತಿಲ್ಲ. ಗ್ಯಾಸಿನ ಮುಂದೆ ಒಬ್ಬಳೇ ನಿಲ್ಲುವಂತಿಲ್ಲ. ಕಚೇರಿಗೆ ರೈಲಿನಲ್ಲಿ ಹೊರಟೆ. ಕೋಪರಖೈರಣೆ ಸ್ಟೇಷನ್ನಿನಲ್ಲಿ ಗಾಡಿ ಬರುವ ಸದ್ದಾದರೆ ಸಾಕು, ಹಿಂದಕ್ಕೆ ಸರಿದು ಕಂಬವನ್ನು ತಬ್ಬಿ ನಿಲ್ಲುತ್ತಿದ್ದೆ. ಪ್ಲಾಟ್‌ಫಾರ್ಮಿನ ಅಂಚಿನ ಹಳದಿ ಗೆರೆಯ ಹತ್ತಿರ ನಿಂತಾಗ ನಾನು ಕಳೆದುಹೋದರೆ? ಮುಂದಿನ ಹೆಜ್ಜೆಯನ್ನು ನನ್ನ ಕಾಲು ನನ್ನನ್ನು ಕೇಳದೆ ಇಟ್ಟರೆ? ಅಕ್ಕಪಕ್ಕದ ಹೆಂಗಸರು ಏನೆಂದುಕೊಂಡರೋ.

*

ಮುಂದಿನ ತಿಂಗಳು ಪಟ್ಟಿಯ ಕಾಗದಗಳು ಬಂದವು. ಆ ಸಲ ಗೆರೆ ಕೆಳಗಿಳಿಯುವ ಲಕ್ಷಣವಿತ್ತು. ಕುಲಕರ್ಣಿ ಸಾಹೇಬರು ಖುಷಿಯಲ್ಲಿ ಎಲ್ಲರಿಗೂ ಸಮೋಸ ತರಿಸಿದ್ದರು. ನಾನು ಸಮೋಸದ ತಟ್ಟೆಯನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡು ಒಂದು ಕಾಗದ ತಿರುಗಿಸಿದೆ.

ಜುಯಿನಗರ ಸರ್ವಿಸ್ ರಸ್ತೆ. ಅದೇ ದಿನ. ಅದೇ ಸಂಜೆ. ಪಾದಚಾರಿ ಮಹಿಳೆ. ಗಂಭೀರ ಗಾಯ. ಹೊಡೆದದ್ದು ಅಪರಿಚಿತ ದ್ವಿಚಕ್ರ ವಾಹನ. ನಿಲ್ಲದೆ ಹೋಗಿದೆ.

ಆ ಕಾಗದವನ್ನು ಕಟ್ಟಿನ ಅಡಿಗೆ ಹಾಕಿದೆ. ಅದರ ಮೇಲಿನ ಕಾಗದಗಳೆಲ್ಲ ಮುಗಿಯುವವರೆಗೂ ಕೆಲಸ ಮಾಡಿದೆ. ಸಂಜೆಗೆ ಅದೊಂದೇ ಉಳಿಯಿತು. ಅದನ್ನು ಡ್ರಾಯರಿಗೆ ಹಾಕಿ ಮರೆತಂತೆ ಮಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗೆರೆ ಇನ್ನೂ ಒಂದು ಕೂದಲೆಳೆಯಷ್ಟು ಕೆಳಗೆ ಬರುತ್ತಿತ್ತು, ಅಷ್ಟೇ. ಡ್ರಾಯರನ್ನು ತೆರೆದೆ, ಮತ್ತೆ ಮುಚ್ಚಿದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡಿದೆ. ಕಾರಣದ ಕಾಲಮ್ಮಿನಲ್ಲಿ 'ತಿಳಿದಿಲ್ಲ' ಎಂದು ಬರೆದೆ.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಟೀವಿಯಲ್ಲಿ ಪೊಲೀಸ್ ಗಾಡಿಯ ಸದ್ದು ಬಂದರೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ. ಆ ಹೆಂಗಸು ಬದುಕಿದ್ದಾಳೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಬದುಕಿದ್ದು ನನ್ನ ಮುಖ ನೆನಪಿಟ್ಟುಕೊಂಡಿದ್ದರೆ ಎಂದೂ ಯೋಚಿಸುತ್ತಿದ್ದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಐದನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಎಲ್ಲ ಹೇಳಿದೆ, ಪೊಲೀಸರ ಹತ್ತಿರ ಹೋಗುತ್ತೇನೆ ಎಂದೂ ಹೇಳಿದೆ. ರಾಘವ ತಟ್ಟೆ ಸರಿಸಿದರು.

"ಸುಮ್ನಿರು. ನೀನು ಗೋಡೆಗೆ ತಾಗಿದ್ದು ಅಂತ ಹೇಳಿದ್ಯಲ್ಲ?"

"ಅದು ಸುಳ್ಳು. ನಂಗೆ ಗೊತ್ತಿಲ್ಲ ಎಂತ ಆದದ್ದು ಅಂತ."

"ಗೊತ್ತಿಲ್ಲ ಅಂದ್ಮೇಲೆ ನೀನೇ ಅಂತ ಹೇಗೆ? ನಾಳೆ ನಿನ್ನನ್ನು ಒಳಗೆ ಹಾಕಿದ್ರೆ ಮಾತ್ರೆ ಕೊಡುದು ಯಾರು? ಹೋಟೆಲಲ್ಲಿ ನಾನು ಮುಖ ತೋರಿಸುದು ಹೇಗೆ?"

ಅತ್ತೆ ಅಳತೊಡಗಿದರು. ತನ್ವಿ ಮಾತ್ರ ಬ್ಯಾಗು ಕೆಳಗಿಟ್ಟು, ಜೀವಮಾನದಲ್ಲಿ ಮೊದಲ ಸಲವೋ ಎಂಬಂತೆ ಅಪ್ಪನ ಹತ್ತಿರ ಕನ್ನಡದಲ್ಲಿ ಮಾತಾಡಿದಳು. "ಪಪ್ಪ, ಅದು ಅಜ್ಜಿ ಆಗಿದ್ರೆ? ರೋಡಲ್ಲಿ ಬಿದ್ದದ್ದು ನಮ್ಮ ಅಜ್ಜಿ ಆಗಿದ್ರೆ?"

ರಾಘವ ಎದ್ದು ಹೊರಟುಹೋದರು. ನಾನೂ ತನ್ವಿಯೂ ಚಪ್ಪಲಿ ಮೆಟ್ಟಿ ಕೆಳಗಿಳಿದರೆ ಅವರು ಗೇಟಿನ ಹತ್ತಿರ ರಿಕ್ಷಾ ನಿಲ್ಲಿಸಿಕೊಂಡು ಕಾಯುತ್ತಿದ್ದರು. "ನಂಗೂ ಹೆದರಿಕೆ ಉಂಟು. ಹತ್ತಿ" ಎಂದರು.

ಪೊಲೀಸ್ ಚೌಕಿಯಲ್ಲಿದ್ದ ಹವಾಲ್ದಾರರು ವಯಸ್ಸಾದವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಡಾಕ್ಟರ ಚೀಟಿ ನೋಡಿದರು. ಮೊಬೈಲಿನಲ್ಲಿದ್ದ ಒಡೆದ ಕನ್ನಡಿಯ ಫೋಟೋ ನೋಡಿದರು. ಬರೆದುಕೊಂಡರು, ನಾನು ಸಹಿ ಹಾಕಿದೆ. ಸಹಿ ಹಾಕುವಾಗ ರಾಘವ ಗೋಡೆಯ ಸ್ವಿಚ್ ಬೋರ್ಡನ್ನೇ ನೋಡುತ್ತಿದ್ದರು. ಆ ಹೆಂಗಸು ಇನ್ನೂ ವಾಶಿಯ ಆಸ್ಪತ್ರೆಯಲ್ಲಿದ್ದಾಳೆ, ಕಾಲಿನ ಎಲುಬು ಮುರಿದಿದೆ, ಮಾತಾಡುತ್ತಾಳೆ ಎಂದು ಹವಾಲ್ದಾರರು ಹೇಳಿದಾಗ ನಾನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬದುಕಿದ್ದಾಳೆ. ಹಾಗಾದರೆ ಗುರುತು ಹಿಡಿಯುತ್ತಾಳೆ. ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಜೊತೆ ನಮ್ಮನ್ನು ಅಲ್ಲಿಗೆ ಕಳಿಸಿದರು.

ಆ ಹೆಂಗಸಿನ ಹೆಸರು ಮಂಗಲಾತಾಯಿ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಸಾನಪಾಡಾದ ನಾಲ್ಕು ಮನೆಗಳಲ್ಲಿ ಅಡುಗೆ ಕೆಲಸ ಮಾಡುವವರು. ಕಾಲಿಗೆ ತೊಡೆಯವರೆಗೂ ಪ್ಲಾಸ್ಟರು. ಹಾಸಿಗೆಯ ಹತ್ತಿರ ಹೋಗುವಷ್ಟರಲ್ಲಿ ನನ್ನ ಹೊಟ್ಟೆಯೊಳಗೆ ಏನೋ ಏರತೊಡಗಿತು. ಇದು ಅದೇನಾ, ಬರಿಯ ಹೆದರಿಕೆಯಾ? ತನ್ವಿಯ ಮಣಿಕಟ್ಟು ಹಿಡಿದುಕೊಂಡೆ. ವಾಸನೆ ಬರಲಿಲ್ಲ.

ಕಾನ್‌ಸ್ಟೇಬಲ್ ಕೇಳಿದರು, ಇವರೇನಾ ಎಂದು. ಮಂಗಲಾತಾಯಿ ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನಕ್ಕೆ ನೋಡಿದರು. ಆ ನೋಟ ಎಷ್ಟು ಹೊತ್ತಿನದೋ, ನನಗೆ ಮುಗಿಯಲೇ ಇಲ್ಲ.

"ಹೀ ನಾಹೀ" ಎಂದರು. "ದೋನ್ ಪೋರಗೇ ಹೋತೇ, ಏಕಾಚ್ ಗಾಡೀವರ್."

ಇವಳಲ್ಲ. ಒಂದೇ ಗಾಡಿಯ ಮೇಲೆ ಇಬ್ಬರು ಹುಡುಗರಿದ್ದರು.

ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟೆ. ಮುರಿದ ಕಾಲಿನ ಹೆಂಗಸಿನ ಮುಂದೆ, ಅದನ್ನು ಮುರಿದದ್ದು ನಾನಲ್ಲ ಎಂಬ ಸಂತೋಷಕ್ಕೆ ಅತ್ತುಬಿಟ್ಟೆ. ಅವರು ಕಕ್ಕಾಬಿಕ್ಕಿಯಾಗಿ ನನಗೇನಾಯಿತು ಎಂದು ಕೇಳಿದರು. ಅತ್ತೆಯವರು ಯಾರಿಗೂ ಹೇಳಬೇಡಿ ಎಂದಿದ್ದ ಹೆಸರನ್ನು ಮನೆಯ ಹೊರಗೆ ನಾನು ಮನಸ್ಸು ಬಿಚ್ಚಿ ಹೇಳಿದ್ದು ಮಂಗಲಾತಾಯಿಗೇ. ನನ್ನ ಕೆಲಸ ಯಾವುದೆಂದೂ ಹೇಳಿದೆ.

"ಹಾಗಾದರೆ ನನ್ನ ಬಗ್ಗೆ ಏನು ಬರೆದಿದ್ದೀ?" ಎಂದು ಮರಾಠಿಯಲ್ಲಿ ಕೇಳಿದರು.

"ಪಾದಚಾರಿ, ಮಹಿಳೆ, ಗಂಭೀರ ಗಾಯ."

"ಫುಟ್‌ಪಾತಿನ ತುಂಬ ಗಾಡಿ ನಿಲ್ಲಿಸಿದ್ದರು ಅಂತ ಬರೆದಿಲ್ಲವಾ? ನಾನೇನು ಖುಷಿಗೆ ರಸ್ತೆಯ ಮೇಲೆ ನಡೆದೆನಾ?"

ಬರೆದಿರಲಿಲ್ಲ. ಅದಕ್ಕೆ ಕಾಲಮ್ಮೇ ಇರಲಿಲ್ಲ. ಮರುದಿನ ಕುಲಕರ್ಣಿ ಸಾಹೇಬರ ಹತ್ತಿರ ಹೋಗಿ ನನ್ನ ಕಾಯಿಲೆಯನ್ನೂ ಹೇಳಿದೆ, ಮಂಗಲಾತಾಯಿಯ ಮಾತನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಯಲ್ಲಿ ಷರಾ ಎಂದು ಒಂದು ಕಾಲಮ್ ಸೇರಿಸೋಣ ಎಂದರು. ಅದನ್ನು ಮೇಲಿನವರು ಓದುತ್ತಾರೋ ಇಲ್ಲವೋ ನನಗೆ ತಿಳಿಯದು. ನಾನು ತುಂಬಿಸುತ್ತೇನೆ.

ನನ್ನ ಕನ್ನಡಿ ಎಲ್ಲಿ ಒಡೆಯಿತು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ತಡವಾಗಿ ಬರುವ ಕಾಗದಗಳಲ್ಲಿ ಆ ದಿನದ್ದು ಇದೆಯೇ ಎಂದು ಬಹಳ ಕಾಲ ಹುಡುಕಿದೆ. ಸಿಗಲಿಲ್ಲ. ಗೋಡೆಗೇ ತಾಗಿರಬಹುದು. ಈ 'ಬಹುದು'ವಿನ ಜೊತೆಗೇ ನಾನು ಮಾತ್ರೆ ನುಂಗುತ್ತೇನೆ.

*

ಮಾತ್ರೆ ಹಿಡಿಸಲು ತಿಂಗಳುಗಳು ಬೇಕಾದವು. ಮೊದಲನೆಯದು ತೂಕಡಿಕೆ ತಂದಿತು, ಎರಡನೆಯದು ಸುಮ್ಮಸುಮ್ಮನೆ ಸಿಟ್ಟು ಬರಿಸಿತು. ನಡುವೆ ಎರಡು ಸಲ ಮತ್ತೆ ಕಳೆದುಹೋದೆ, ಎರಡೂ ಸಲ ಮನೆಯಲ್ಲೇ. ಒಮ್ಮೆ ಎಚ್ಚರವಾದಾಗ ಅತ್ತೆ ನನ್ನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಇಲ್ಲೇ ಇದ್ದೇನೆ, ಹೆದರ್ಬೇಡ" ಎಂದರು. ಮುಂದಿನ ವಾರ ಕೆಳಗಿನ ಮನೆಯ ಹೆಂಗಸು ವಿಚಾರಿಸಿದಾಗ, ಕಿಟಕಿ ಮುಚ್ಚದೆಯೇ ಕಾಯಿಲೆಯ ಹೆಸರು ಹೇಳಿದರು. ಅದಾಗಿ ಈಗ ಒಂದು ವರ್ಷಕ್ಕೂ ಹೆಚ್ಚಾಯಿತು, ಮತ್ತೆ ಬಂದಿಲ್ಲ. ಹೆದರಿಕೆ ಪೂರ್ತಿ ಹೋಗಿಲ್ಲ. ಯಾರ ಮನೆಯಲ್ಲಾದರೂ ಹಾಲು ಸೀದರೆ ಈಗಲೂ ಗೋಡೆ ಹಿಡಿದುಕೊಳ್ಳುತ್ತೇನೆ.

ಇದನ್ನು ಬರೆಯಬೇಕು ಅನ್ನಿಸಿದ್ದು ಮೊನ್ನೆ ಥಾಣೆಯ ಕ್ಲಿನಿಕ್ಕಿಗೆ ತಪಾಸಣೆಗೆ ಹೋದಾಗ. ಫೋನಿನಲ್ಲಿ ಮನೆಯವರ ಹತ್ತಿರ ಮಾತಾಡಿ ಮುಗಿಸಿದೆ. ಪಕ್ಕದಲ್ಲಿ ಕೂತಿದ್ದ ಖಾಕಿ ಅಂಗಿಯವರು ನನ್ನ ಕಡೆ ತಿರುಗಿದರು.

"ಕನ್ನಡದವ್ರೇನ್ರಿ ಅಕ್ಕಾರ?"

"ಹೌದು, ಉಡುಪಿ ಕಡೆ."

"ನಮ್ದು ಕಲಬುರ್ಗಿ ಕಡಿ. ಶಹಾಡದಾಗ ಇರ್ತೀನ್ರಿ. ಶರಣಪ್ಪ ಅಂತ. ರಿಕ್ಷಾ ಹೊಡೀತೀನಿ."

ಅವರಿಗೂ ಮೂರು ಸಲ ಹೀಗಾಗಿದೆಯಂತೆ. ಒಮ್ಮೆ ಸ್ಟ್ಯಾಂಡಿನಲ್ಲಿ, ಒಮ್ಮೆ ಮನೆಯಲ್ಲಿ, ಒಮ್ಮೆ ಗಾಡಿ ಓಡಿಸುವಾಗ. ಹಿಂದೆ ಕೂತಿದ್ದ ಹೆಂಗಸು ಕಿರುಚಿದಾಗ ಎಚ್ಚರವಾಯಿತಂತೆ. ರಿಕ್ಷಾ ಡಿವೈಡರಿಗೆ ಒರಗಿಕೊಂಡು ನಿಂತಿತ್ತಂತೆ.

"ಮನೆಯಲ್ಲಿ ಗೊತ್ತುಂಟಾ?"

"ಹೆಂಡ್ತಿಗೂ ಹೇಳಿಲ್ರಿ. ನಂಗ ಇದೊಂದ ಕೆಲ್ಸ ಬರ್ತದ."

"ಇವತ್ತು ಹೇಗೆ ಬಂದ್ರಿ?"

ಅವರು ತಲೆ ತಗ್ಗಿಸಿದರು. "ರಿಕ್ಷಾದಾಗ. ಕೆಳಗ ನಿಲ್ಸೀನಿ."

ಕಲ್ಯಾಣದಾಚೆಯ ಶಹಾಡದಿಂದ ಥಾಣೆಗೆ, ಹೆದ್ದಾರಿಯ ಲಾರಿಗಳ ನಡುವೆ. ನಾನು ಇಲ್ಲಿ ಬರೆದದ್ದನ್ನೆಲ್ಲ ಅವರಿಗೆ ಹೇಳಿದೆ. ನೆರೂಳಿನ ಸಿಗ್ನಲ್ಲು, ಒಡೆದ ಕನ್ನಡಿ, ಮಂಗಲಾತಾಯಿ ನನ್ನನ್ನು ನೋಡಿದ ನೋಟ. ನಡುವೆ ಶರಣಪ್ಪನವರ ಹೆಸರು ಕರೆದರು. ಒಳಗೆ ಹೋಗಿ ಬಂದವರು ಚೀಟಿ ಹಿಡಿದುಕೊಂಡು ನನ್ನ ಮುಂದೆಯೇ ನಿಂತರು.

"ಬಿಡು ಅಂದ್ರು. ಇದು ಪೂರಾ ನಿಲ್ಲೂತನಾ ಗಾಡಿ ಮುಟ್ಟಬ್ಯಾಡ ಅಂದ್ರು." ಚೀಟಿಯನ್ನು ಮಡಚಿ ಜೇಬಿಗಿಟ್ಟು, "ನಿಮ್ಗ ಬಿಡೋದು ಸರಳ ಆತ್ರಿ ಅಕ್ಕಾರ. ನಿಮ್ದು ಆಫೀಸ್ ಅದ" ಎಂದರು.

ನಿಜವನ್ನೇ ಹೇಳಿದ್ದರು. ನಾನು ನನ್ನ ನಂಬರು ಬರೆದುಕೊಟ್ಟೆ. ರಾಘವರ ಹೋಟೆಲಿನಲ್ಲಿ ಕೌಂಟರಿಗೋ ಸ್ಟೋರಿಗೋ ಜನ ಬೇಕಾಗುತ್ತದೆ, ಕೇಳುತ್ತೇನೆ ಎಂದೆ. ಅವರು ನಂಬರಿನ ಚೀಟಿಯನ್ನೂ ಜೇಬಿಗಿಟ್ಟುಕೊಂಡು ಮೆಟ್ಟಿಲ ಹತ್ತಿರ ಹೋಗಿ ತಮ್ಮನಿಗೆ ಫೋನು ಮಾಡಿದರು.

"ರಿಕ್ಷಾ ಥಾಣ್ಯಾದಾಗ ಅದ. ಬಂದ್ ತಗೊಂಡ್ ಹೋಗು. ಇಲ್ಲ, ಕೆಟ್ಟಿಲ್ಲ." ಆ ಕಡೆಯಿಂದ ಏನೋ ಕೇಳಿರಬೇಕು. ಗೋಡೆಯ ಕಡೆ ತಿರುಗಿಕೊಂಡರು. "ನಂಗ ಫಿಟ್ಸ್ ಬರ್ತಾವ" ಎಂದರು.

ಕೀಲಿಯನ್ನು ಕೆಳಗಿನ ವಾಚ್‌ಮನ್ ಕೈಗೆ ಕೊಟ್ಟು ಬಂದರು. ಸ್ಟೇಷನ್ನಿಗೆ ಹೋಗಲು ನಾನೇ ಒಂದು ರಿಕ್ಷಾಕ್ಕೆ ಕೈ ಮಾಡಿದೆ. ಅವರು ಅಭ್ಯಾಸಬಲದಿಂದ ಮುಂದಿನ ಸೀಟಿನ ಕಡೆಗೇ ನಡೆದು, ಅಲ್ಲಿ ಇನ್ನೊಬ್ಬ ಚಾಲಕ ಕೂತಿರುವುದನ್ನು ಕಂಡು ತಡೆದು, ಹಿಂದೆ ಬಂದು ನನ್ನ ಪಕ್ಕ ಕೂತರು. ಗಾಡಿ ಹೊರಟಿತು. ಪ್ರತಿ ತಿರುವಿನಲ್ಲೂ ಅವರ ಬಲಗೈಯ ಮಣಿಕಟ್ಟು ಮೊಣಕಾಲಿನ ಮೇಲೆ ತಾನಾಗಿಯೇ ತಿರುಗುತ್ತಿತ್ತು. ಮುಂದೊಂದು ಕಡೆ ಬಸ್ಸೊಂದು ಫಕ್ಕನೆ ಅಡ್ಡ ಬಂತು. ಶರಣಪ್ಪನವರ ಬಲಗಾಲು ಬ್ರೇಕೇ ಇಲ್ಲದ ನೆಲವನ್ನು ಜೋರಾಗಿ ಒತ್ತಿತು. ನಾನು ಕಣ್ಣು ಮುಚ್ಚಿ ಕಂಬಿ ಹಿಡಿದುಕೊಂಡೆ.

"ಹೆದ್ರಬ್ಯಾಡ್ರಿ ಅಕ್ಕಾರ" ಎಂದರು ಅವರು. ಅದೇ ಕಂಬಿಯನ್ನು ಅವರೂ ಹಿಡಿದಿದ್ದರು.